ಹಳೇ ಯಂತ್ರ ಉಳಿದರೆ ಸಾಲದು, ಕಸುಬೂ ಉಳಿಯಬೇಕು

ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ರೊಲಾಗ್ ಅಂತ ಒಂದು ಸಣ್ಣ ಊರು. ಅಲ್ಲಿ 1954ರಲ್ಲಿ ಶುರುವಾದ ಹಳೇ ಉಗಿ ಎಂಜಿನ್ನುಗಳ ಜಾತ್ರೆ ಈಗಲೂ ನಡೆಯುತ್ತದೆ. ನಡೆಸುವವರು ಸಂಬಳವಿಲ್ಲದ ಕಾರ್ಯಕರ್ತರು. ನಾನು ಅಲ್ಲಿಗೆ ಹೋದವನಲ್ಲ. ಓದಿದ್ದು, ಮಗನ ಮೊಬೈಲಿನಲ್ಲಿ ನೋಡಿದ್ದು ಅಷ್ಟೇ. ಹಳೇ ಕಬ್ಬಿಣ ಉಜ್ಜಿ ಹೊಳಪು ಮಾಡೋದು ಹೊಟ್ಟೆ ತುಂಬಿದವರ ಚಟ ಅಂತ ನಮ್ಮಲ್ಲಿ ಕೆಲವರು ನಗುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ.

ಇಂಥ ಜಾತ್ರೆಗೆ ಮಂದಿ ಸೇರೋದು ಹೊತ್ತೇರಿದ ಮೇಲೆ. ಕೆಲಸ ಶುರುವಾಗೋದು ನಸುಕಿನಲ್ಲೇ. ಉಗಿ ಎಂಜಿನ್ನು ಟ್ರ್ಯಾಕ್ಟರಿನ ಹಾಗೆ ಚಾವಿ ತಿರುವಿದರೆ ಏಳುವಂಥದ್ದಲ್ಲ. ಮೊದಲು ಬಾಯ್ಲರಿನಲ್ಲಿ ನೀರು ಎಷ್ಟಿದೆ ಅಂತ ಗಾಜಿನ ಕೊಳವೆಯಲ್ಲಿ ನೋಡಬೇಕು. ಬೂದಿ ತೆಗೆದು, ಸಣ್ಣ ಕಟ್ಟಿಗೆಯಿಂದ ಬೆಂಕಿ ಹೊತ್ತಿಸಿ, ಆಮೇಲೆ ದೊಡ್ಡ ಕಟ್ಟಿಗೆ ಇಲ್ಲವೇ ಕಲ್ಲಿದ್ದಲು. ಅವಸರ ಮಾಡಿ ಉರಿ ಏರಿಸಿದರೆ ತಣ್ಣಗಿದ್ದ ಉಕ್ಕು ಒಂದೇ ಸಮ ಹಿಗ್ಗದೆ ಕೂಡಿಕೆಗಳು ಸೋರುತ್ತವೆ. ಉಗಿ ಕೂಡಲಿಕ್ಕೆ ತಾಸುಗಟ್ಟಲೆ ಬೇಕು. ಅಷ್ಟರಲ್ಲಿ ಎಣ್ಣೆ ಬಿಡೋದು, ಬೋಲ್ಟು ಬಿಗಿಯೋದು. ಹಿರಿಯ ಹೇಳುತ್ತಾನೆ, ಹುಡುಗ ಮಾಡುತ್ತಾನೆ. ಜಾತ್ರೆಯ ನಿಜವಾದ ಫಲ ಇದೇ.

ರಾಶಿ ಮಾಡುವ ಯಂತ್ರವನ್ನು ಎಂಜಿನ್ನಿನಿಂದ ದೂರ ನಿಲ್ಲಿಸಿ ಉದ್ದನೆ ಪಟ್ಟಾ ಹಾಕುತ್ತಾರೆ. ಕಿಡಿ ಹಾರಿ ಹುಲ್ಲಿಗೆ ಬೀಳಬಾರದಲ್ಲ! ಪಟ್ಟಾವನ್ನು ಒಮ್ಮೆ ತಿರುವಿ ಹಾಕಿದರೆ ಗಾಲಿಗೆ ಹಿಡಿತ ಹೆಚ್ಚು. ಇಷ್ಟು ಪುಸ್ತಕದಿಂದಲೂ ತಿಳಿದೀತು. ಆದರೆ ಎಂಜಿನ್ನನ್ನು ಪಟ್ಟಾದ ನೇರಕ್ಕೆ ತಂದು ನಿಲ್ಲಿಸೋದು ಕೈಗೇ ಬರಬೇಕು.

ಹುಮ್ಮಸ್ಸು ಒಂದಿದ್ದರೆ ಸಾಲದು. 2001ರ ಜುಲೈ 29ರಂದು ಓಹಾಯೋ ರಾಜ್ಯದ ಮೆಡೀನಾದ ಜಾತ್ರೆ ಬಯಲಿನಲ್ಲಿ ಒಂದು ಹಳೇ ಉಗಿ ಟ್ರ್ಯಾಕ್ಟರಿನ ಬಾಯ್ಲರು ಸಿಡಿದು 5 ಮಂದಿ ಸತ್ತರು. ಒಲೆಯ ಮೇಲಿನ ತಗಡನ್ನು ಸದಾ ನೀರು ಮುಚ್ಚಿರಬೇಕು. ಅಲ್ಲಿ ನೀರು ಇಳಿದಿತ್ತು, ತಗಡೂ ಸವೆದಿತ್ತು. ಆಮೇಲೆ ಆ ರಾಜ್ಯದಲ್ಲಿ ಹಳೇ ಬಾಯ್ಲರಿಗೆ ತಪಾಸಣೆ, ನಡೆಸುವವರಿಗೆ ಲೈಸೆನ್ಸು ಬಂತು. ಬೆಳಗಿನ ಆ ನಿಧಾನದ ಕೆಲಸಕ್ಕೆ ಬೆಲೆ ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ.

ಇನ್ನು ನಮ್ಮ ಮಾತು. ಬೆಳಗಾವಿಯಲ್ಲಿ ಕೆಲಸ ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಬ್ಬಿಣದ ನೇಗಿಲು ನೂರು ವರ್ಷದ ಹಿಂದೆಯೇ ಎರೆ ಹೊಲಕ್ಕೆ ಇಳಿದಿತ್ತು. ಇವತ್ತು ಅಂಥ ನೇಗಿಲು, ಹಳೇ ಡೀಸೆಲ್ ಎಂಜಿನ್ನು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಕೂರಿಗೆ ಒಲೆ ಸೇರುತ್ತಿದೆ. ಅದಕ್ಕಿಂತ ದೊಡ್ಡ ನಷ್ಟ, ಕೂರಿಗೆಯ ಹಿಂದೆ ನಡೆಯುತ್ತಾ ಮುಷ್ಟಿಯಿಂದ ಕಾಳು ಸಮನಾಗಿ ಬಿಡುತ್ತಿದ್ದ ಹೆಣ್ಣುಮಕ್ಕಳ ಕೈ.

ಆಳೇ ಸಿಗದ ಕಾಲದಲ್ಲಿ ಮತ್ತೆ ಕೂರಿಗೆ ಯಾಕಪ್ಪಾ ಅಂತ ಕೇಳಬಹುದು. ಹಿಂದಕ್ಕೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಟ್ರ್ಯಾಕ್ಟರಿನಲ್ಲಿ ಬಿತ್ತಿದರೂ ಕಾಳು ಹಸಿಗೆ ಮುಟ್ಟಿತೋ ಇಲ್ಲವೋ ನೋಡುವ ಕಣ್ಣು ಬೇಕೇ ಬೇಕು. ಮಳೆ ನಂಬಿದ ನಮಗೆ ಬೆಳೆ ನಿಂತಿರೋದೇ ಅದರ ಮೇಲೆ. ಆ ಕಣ್ಣು ಬಂದದ್ದು ಕೂರಿಗೆಯಿಂದ.

ಊರ ಜಾತ್ರೆಯಲ್ಲಿ ಒಂದು ಬೆಳಗ್ಗೆ ಇದಕ್ಕೆ ಇಡೋಣ. ಸರಕಾರದ ದುಡ್ಡು ಬೇಡ. ಸಾಮಾನು ತಂದವರು ಸಾಲಾಗಿ ನಿಲ್ಲಿಸಿ ಕೈಕಟ್ಟಿ ಕೂರಬಾರದು, ನಡೆಸಿ ತೋರಿಸಬೇಕು. ಪ್ರತಿ ಹಿರಿಯರ ಪಕ್ಕ ಒಬ್ಬ ಹುಡುಗನೋ ಹುಡುಗಿಯೋ ಇರಬೇಕು. ತಿರುಗುವ ಪಟ್ಟಾದ ಸುತ್ತ ಹಗ್ಗ ಕಟ್ಟಿ, ಮಕ್ಕಳನ್ನು ದೂರ ಇಡಬೇಕು.

ನಿಮ್ಮೂರಲ್ಲಿ ಕೂರಿಗೆ ಹೂಡಿ ಬಿತ್ತಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ? ಎಣಿಸಿ ನೋಡಿ, ಪತ್ರಿಕೆಗೆ ಬರೆಯಿರಿ.