ನಿಮಗೆ ಯಾವ ಪುಸ್ತಕ ಎಂದು ಗ್ರಂಥಪಾಲಕರು ಹೇಳಬೇಕೆ?

ಪರ: ಹೇಳಲೇಬೇಕು

ಪುಸ್ತಕಕ್ಕೆ ತಾರೀಖಿನ ಮೊಹರು ಒತ್ತಿ ಕೊಡುವುದಷ್ಟೇ ಕೆಲಸವಾದರೆ ಅದಕ್ಕೆ ಗ್ರಂಥಾಲಯ ವಿಜ್ಞಾನದ ಪದವಿ ಏಕೆ? ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂದರು. ಕಪಾಟು ತಾನಾಗಿ ಈ ಕೆಲಸ ಮಾಡುವುದಿಲ್ಲ. ನಡುವೆ ಮನುಷ್ಯ ಬೇಕು.

ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಓದಿ ಮುಗಿಸಿದ ಹುಡುಗಿಯೊಬ್ಬಳು ‘ಇಂಥದ್ದೇ ಇನ್ನೊಂದು ಕೊಡಿ ಸರ್’ ಅನ್ನುತ್ತಾಳೆ ಅಂದುಕೊಳ್ಳಿ. ಆನ್‌ಲೈನ್ ಅಂಗಡಿಯಾದರೆ ತೇಜಸ್ವಿಯವರ ಉಳಿದ ಪುಸ್ತಕಗಳನ್ನು ಸಾಲಾಗಿ ತೋರಿಸಿ ಸುಮ್ಮನಾಗುತ್ತದೆ. ಬಲ್ಲ ಗ್ರಂಥಪಾಲಕರು ತಿರುಗಿ ಕೇಳುತ್ತಾರೆ: ‘ಏನು ಹಿಡಿಸಿತಮ್ಮ, ಕಾಡೋ, ಹಳ್ಳಿಗ ಮಂದಣ್ಣನೋ?’ ಮಂದಣ್ಣ ಅಂದರೆ ಗೊರೂರರ ‘ಹಳ್ಳಿಯ ಚಿತ್ರಗಳು’ ಕೈಗೆ ಬರುತ್ತದೆ. ಕಾಡು ಅಂದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟ ಅಲೆದ ಮೇಷ್ಟರ ಆ ಪುಸ್ತಕ ಸಸ್ಯಶಾಸ್ತ್ರದ ಸಾಲಿಗೆ ಸೇರಿಬಿಟ್ಟರೆ, ಕಾದಂಬರಿ ಹುಡುಕುವವಳು ಆ ಕಡೆ ಸುಳಿಯುವುದೇ ಇಲ್ಲ. ಒಂದು ಪ್ರಶ್ನೆ ಕೇಳದೆ ಹೋದದ್ದಕ್ಕೆ ಆ ಪುಸ್ತಕವೂ ಆ ಹುಡುಗಿಯೂ ಒಂದೇ ಕಟ್ಟಡದೊಳಗಿದ್ದು ಜನ್ಮದಲ್ಲಿ ಭೇಟಿಯಾಗುವುದಿಲ್ಲ. ಇದು ನನ್ನಿಂದ ಸಹಿಸಲಾಗದ ಸಂಗತಿ.

ಪುರುಸೊತ್ತಿಲ್ಲ ಅನ್ನುತ್ತಾರೆ. ಎರಡು ಮಾತಿಗೆ ಎಷ್ಟು ಹೊತ್ತು ಬೇಕು? ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುವವರು ನಾವು. ಬರೀ ಕಪಾಟು ನೋಡಲು ಕಟ್ಟುತ್ತಿಲ್ಲ.

ವಿರೋಧ: ಓದುಗರೇ ಆರಿಸಿಕೊಳ್ಳಲಿ

ಮೊದಲನೆಯದು ಸಿಬ್ಬಂದಿಯ ಮಾತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಬಾಗಿಲು ತೆಗೆಯುವುದು, ಪತ್ರಿಕೆ ಜೋಡಿಸುವುದು, ಕಂಪ್ಯೂಟರ್ ನೋಡಿಕೊಳ್ಳುವುದು, ಮಕ್ಕಳ ಚಟುವಟಿಕೆ ನಡೆಸುವುದು ಎಲ್ಲವೂ ಮೇಲ್ವಿಚಾರಕರ ತಲೆಗೇ. ಇದರ ಮೇಲೆ ಒಬ್ಬೊಬ್ಬರ ಅಭಿರುಚಿ ವಿಚಾರಿಸಿ ಪುಸ್ತಕ ಹೇಳಿ ಎಂದರೆ ಆಗುವ ಮಾತಲ್ಲ.

ಎರಡನೆಯದು, ಹೇಳುವವರಿಗೂ ತಮ್ಮದೇ ರುಚಿ ಇರುತ್ತದೆ. ಅವರು ಬರೀ ಐತಿಹಾಸಿಕ ಕಾದಂಬರಿ ಓದುವವರಾದರೆ ಊರೆಲ್ಲ ಅದನ್ನೇ ಓದಬೇಕಾಗುತ್ತದೆ.

ಮೂರನೆಯದು ಗುಟ್ಟಿನ ವಿಷಯ. ಸಣ್ಣ ಊರಿನಲ್ಲಿ ಗ್ರಂಥಪಾಲಕರು ಎಲ್ಲರಿಗೂ ಪರಿಚಿತರು. ವಿಚ್ಛೇದನದ ಕಾನೂನನ್ನೋ ಮನೋರೋಗದ ಪುಸ್ತಕವನ್ನೋ ಹುಡುಕಿ ಬಂದ ಹೆಣ್ಣುಮಗಳಿಗೆ ‘ಏನು ಬೇಕಿತ್ತಮ್ಮ?’ ಎಂಬ ಅಕ್ಕರೆಯ ಪ್ರಶ್ನೆಯೇ ಸಾಕು, ಮತ್ತೆ ಆ ಕಡೆ ಬರುವುದಿಲ್ಲ. ತೆರೆದ ಕಪಾಟುಗಳಿರಬೇಕೆಂದು ಪಟ್ಟು ಹಿಡಿದವರೂ ರಂಗನಾಥನ್ನರೇ. ಯಾರನ್ನೂ ಕೇಳದೆ, ಯಾರಿಗೂ ಹೇಳದೆ ಪುಸ್ತಕ ಮುಟ್ಟಿ ನೋಡುವ ಸ್ವಾತಂತ್ರ್ಯ ದೊಡ್ಡದು.

ಮಕ್ಕಳು ಬಂದಾಗ ಮಾತ್ರ ಹೇಳಲೇಬೇಕು, ಅದನ್ನು ಒಪ್ಪುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕೇಳಿದರೂ ಹೇಳಲಿ. ಪುಸ್ತಕಗಳನ್ನು ಬೀರುವಿಗೆ ತುಂಬಿ ಬೀಗ ಹಾಕಿಟ್ಟಿರುವ ಕಡೆ ಬೇರೆ ದಾರಿಯೂ ಇಲ್ಲ. ಹೊಸದಾಗಿ ಓದಲು ತೊಡಗಿದ ವಯಸ್ಕರಿಗೂ ಒಂದಿಷ್ಟು ನೆರವು ಬೇಕಾದೀತು. ಉಳಿದವರನ್ನು ಅವರ ಪಾಡಿಗೆ ಬಿಡಲಿ.