ಕೊರಳಿಗೆ ಜಾರುವ ಕುಣಿಕೆ ಬೇಡ

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕೊಟ್ಟಿಗೆಗಳಲ್ಲಿ ಈಗ ಟೊಮೆಟೊ ಕಟ್ಟಿ ಉಳಿದ ನೈಲಾನ್ ಹಗ್ಗದ್ದೇ ಕಾರುಬಾರು. ಹಗ್ಗದ ಬಗ್ಗೆ ನನ್ನ ತಕರಾರಿಲ್ಲ, ಗಂಟಿನ ಬಗ್ಗೆ ಇದೆ. ಕತ್ತಾಳೆ ನಾರು ಒರಟು, ಹೆಂಗೆ ಕಟ್ಟಿದ್ರೂ ಕಚ್ಚಿಕೊಳ್ತಿತ್ತು. ನೈಲಾನ್ ನುಣುಪು. ಅದರಲ್ಲಿ ಜಾರುವ ಕುಣಿಕೆ ಹಾಕಿದರೆ ಕರು ಎಳೆದಷ್ಟೂ ಕೊರಳು ಬಿಗಿಯುತ್ತದೆ. ನಮ್ಮದೊಂದು ಕರು ರಾತ್ರಿ ಹಂಗೇ ಹೋಯ್ತು. ಕಟ್ಟಿದವನು ನಾನೇ.

ಕೊರಳಿಗೆ ಬೇಕಾದ್ದು ಹಿಗ್ಗದ, ಕುಗ್ಗದ ಕುಣಿಕೆ. ತುದಿಯಿಂದ ಸುಮಾರು ಮೂರು ಮೊಳ ಬಿಟ್ಟು, ತುದಿ ಕಡೆಯ ಹಗ್ಗ ಮೇಲೆ ಬರುವಂತೆ ಸಣ್ಣ ಕಣ್ಣು ಮಾಡಿ. ಕೊರಳು ಸುತ್ತಿ ಬಂದ ತುದಿಯನ್ನು ಕೆಳಗಿನಿಂದ ಕಣ್ಣಿಗೆ ತೂರಿಸಿ, ಗೂಟಕ್ಕೆ ಹೋಗುವ ಹಗ್ಗದ ಹಿಂದೆ ಸುತ್ತಿಸಿ, ಅದೇ ಕಣ್ಣಿಗೆ ವಾಪಸ್ ಇಳಿಸಿ ಬಿಗಿಯಿರಿ. ಒಂದು ಗೇಣು ತುದಿ ಉಳಿಯಲಿ. ಕುಣಿಕೆಯೊಳಗೆ ಕೈ ಆಡಬೇಕು.

ಹಗ್ಗ ಸಾಲದಿದ್ದರೆ? ದಪ್ಪದ್ದನ್ನು ಮಡಚಿ, ಸಣ್ಣದನ್ನು ಮಡಿಕೆಯೊಳಗಿಂದ ತಂದು ಎರಡೂ ಎಳೆಯ ಹಿಂದೆ ಎರಡು ಸುತ್ತು ಹಾಕಿ, ತನ್ನದೇ ಅಡಿಗೆ ಸಿಕ್ಕಿಸಿ.

ಎಳೆದರೆ ಬಿಚ್ಚುವ ಜೀರುಗುಣಿಕೆ ಗೂಟದ ಕಡೆ ಮಾತ್ರ. ಕಂಬಕ್ಕೊಂದು ಕುಡುಗೋಲು ಸಿಕ್ಕಿಸಿಡಿ. ಬಿಗಿದ ನೈಲಾನ್ ಗಂಟು ಬೆರಳಿಗೆ ಬಿಚ್ಚಲ್ಲ.