ಚರ್ಚಿನ ಫೋಟೊ, ನೇಣಿನ ಕತೆ

ಮಳೆಗಾಲ ಬಂತೆಂದರೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲೆಲ್ಲ ಶೆಟ್ಟಿಹಳ್ಳಿಯ ಚರ್ಚು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು, ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತಿದೆ. ಅದನ್ನು ನೋಡಿಕೊಂಡು ಸಕಲೇಶಪುರಕ್ಕೆ ಹೋಗಿ ಎಸ್ಟೇಟ್ ಕಾಫಿ ಕುಡಿದರೆ ವಾರಾಂತ್ಯ ಸಾರ್ಥಕ. ಪರಂಗಿಯವರ ಕಾಲವೆಂದರೆ ನಮಗೆ ಇಷ್ಟೇ: ಕಮಾನು, ಬಂಗಲೆ, ಮಂಜು.

ಅದೇ ಮಲೆಸೀಮೆಯಲ್ಲಿ 1802ರಲ್ಲಿ ನಡೆದದ್ದಕ್ಕೆ ಮಾತ್ರ ಫೋಟೊ ಇಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೂ ಬಗ್ಗದ ಬಲಂ ಸೀಮೆಯ ಪಾಳೆಯಗಾರ ವೆಂಕಟಾದ್ರಿ ನಾಯಕನ ಮೇಲೆ ಆರ್ಥರ್ ವೆಲ್ಲೆಸ್ಲಿ ದಂಡೆತ್ತಿ ಬಂದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇವನೇ. ಜನವರಿಯಲ್ಲಿ ಅರಕೆರೆಯ ಕಾಡಿನ ನೆಲೆ ನಾಯಕನ ಕೈತಪ್ಪಿತು. ಅವನು ಸಿಕ್ಕಿಬಿದ್ದು ನೇಣಿಗೇರಿದ. ವೆಲ್ಲೆಸ್ಲಿಯ ಸೈನ್ಯ ಹಳ್ಳಿಗಳ ಕೋಟೆ ಕೆಡವಿತು, ಜನರ ಕೈಯ ಆಯುಧ ಕಸಿಯಿತು, ಕಾಡು ಸೀಳಿ ದಾರಿ ಮಾಡಿತು. ಪಾಳೆಯಗಾರರೇನೂ ಸಂತರಲ್ಲ. ಆದರೆ ಶಿಕ್ಷೆ ತಟ್ಟಿದ್ದು ನಾಯಕನೊಬ್ಬನಿಗಲ್ಲ. ಇದೆಲ್ಲ ನಡೆದದ್ದು ಪೂರ್ಣಯ್ಯನವರ ದಿವಾನಗಿರಿಯಲ್ಲಿ, ಮೈಸೂರು ಅರಸರ ಹೆಸರಿನಲ್ಲಿ. ನಮ್ಮ ಮೌನಕ್ಕೆ ಅದೂ ಒಂದು ಕಾರಣವಿದ್ದೀತು.

ನೇಣು ಒಂದು ದಿನದ್ದು, ಅದರ ಹಿಂದೆ ಬಂದ ವ್ಯವಸ್ಥೆ ತಲೆಮಾರುಗಳದ್ದು. 1843ರಲ್ಲಿ ಗ್ರೀನ್ ಎಂಬ ದೊರೆ ಇದೇ ಸೀಮೆಯ ದಕ್ಷಿಣ ಮಂಜರಾಬಾದಿನಲ್ಲಿ ಕಾಫಿ ತೋಟ ಹಾಕಿದ. 1857ರಲ್ಲಿ ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದಾಗ ಊರಿಗೇ ಬೆಂಕಿ ಬಿತ್ತು. 1871ರ ಕಾಯ್ದೆ ಅಲೆಮಾರಿ ಬುಡಕಟ್ಟುಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿತು. 1878ರ ಅರಣ್ಯ ಕಾಯ್ದೆ ಕಾಡಿನವರನ್ನು ಕಾಡಿನಲ್ಲೇ ಒತ್ತುವರಿದಾರರನ್ನಾಗಿಸಿತು. ಅಮೆರಿಕದಲ್ಲಿ, ಆಸ್ಟ್ರೇಲಿಯದಲ್ಲಿ ಮೂಲನಿವಾಸಿಗಳ ನೆಲ ಹೋದದ್ದೂ ಹೀಗೆಯೇ. ಬಂದೂಕು ಶುರು ಮಾಡಿದ್ದನ್ನು ಕಾಗದ ಮುಗಿಸಿತು.

ದೊರೆಗಳು ಹೋದರು, ಒಕ್ಕಲೆಬ್ಬಿಸುವ ಚಾಳಿ ಹೋಗಲಿಲ್ಲ. ಚರ್ಚಿನ ಸುತ್ತಲ ಊರನ್ನು ಎಬ್ಬಿಸಿದ್ದು ಸ್ವತಂತ್ರ ಭಾರತದ ಅಣೆಕಟ್ಟು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನವರಿಗೆ ಆದ ಐತಿಹಾಸಿಕ ಅನ್ಯಾಯವನ್ನು ಪೀಠಿಕೆಯಲ್ಲೇ ಒಪ್ಪಿಕೊಂಡಿದೆ. ಆದರೂ ನಾಗರಹೊಳೆಯ ಜೇನುಕುರುಬರು ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುವುದು ನಿಂತಿಲ್ಲ.

ಹಲಗಲಿಯ ನೆನಪನ್ನು ಲಾವಣಿ ಕಾಯ್ದುಕೊಂಡಿದೆ. ಬಲಂನ ಕತೆಯನ್ನು ಜಿಲ್ಲಾಡಳಿತ ಕಾಯಲಿ. ಪ್ರವಾಸಿಗರು ಸಾಲುಗಟ್ಟುವ ಮಂಜರಾಬಾದ್ ಕೋಟೆಯ ಬಾಗಿಲಲ್ಲಿ 1802ರ ಸಂಗತಿಯನ್ನು, ಪೂರ್ಣಯ್ಯನವರ ಹೆಸರನ್ನೂ ಬಿಡದೆ, ಒಂದು ಫಲಕದಲ್ಲಿ ಬರೆಸಲಿ. ಬ್ರಿಟಿಷರ ಹಿಂಸೆಯನ್ನು ಬೈಯುವುದು ಸುಲಭ. ಅದರಲ್ಲಿ ನಮ್ಮ ಪಾಲೆಷ್ಟು, ಇವತ್ತು ಅದನ್ನು ಮುಂದುವರಿಸುತ್ತಿರುವವರು ಯಾರು ಎಂದು ಕೇಳಿಕೊಳ್ಳುವುದಕ್ಕೆ ಇಂಥ ಫಲಕಗಳು ಬೇಕು.